ನಕ್ಷೆಯೂ ಕಟ್ಟಡವೂ ಒಂದೇ ಕೈಗೆ: ಹೈದರಾಬಾದಿನ ಪಾರ್ಕಿಂಗ್ ಕಟ್ಟಡಗಳು

ಹೈದರಾಬಾದಿನಲ್ಲಿ ವಾಹನ ನಿಲ್ಲಿಸುವುದಕ್ಕೆಂದೇ ಪ್ರತ್ಯೇಕ ಕಟ್ಟಡ ಬೇಕೆಂಬ ವಿಚಾರ ಬೇರೂರಿದ್ದು ತೀರ ಈಚೆಗೆ. ಅದಕ್ಕೆ ಮೊದಲು ಬಹುಕಾಲ ವಾಹನಗಳ ಪಾಲಿಗೆ ಬಂದದ್ದು ಅಬಿಡ್ಸ್, ಕೋಠಿ, ಸುಲ್ತಾನ್ ಬಜಾರುಗಳ ರಸ್ತೆಯಂಚು. ಬಳಿಕ ಅಂಗಡಿ ಸಂಕೀರ್ಣಗಳ ಕೆಳಗಿನ ನೆಲಮಾಳಿಗೆ, ಅಂದರೆ ಊರಿನವರು ಇಂದಿಗೂ ‘ಸೆಲ್ಲಾರ್’ ಎಂದೇ ಕರೆಯುವ ಜಾಗ. ಈ ಸೆಲ್ಲಾರಿನಿಂದ ಇಂದಿನ ಯಂತ್ರಚಾಲಿತ ಗೋಪುರದವರೆಗೆ ಕಟ್ಟಡದ ರೂಪ ಬದಲಾದಂತೆ, ಅದನ್ನು ಯಾರು ಯೋಚಿಸಬೇಕು, ಯಾರು ಕಟ್ಟಬೇಕು, ತಪ್ಪಿದರೆ ಯಾರು ಉತ್ತರ ಹೇಳಬೇಕು ಎಂಬ ಗುತ್ತಿಗೆಯ ವ್ಯವಸ್ಥೆಯೂ ಬದಲಾಯಿತು. ರೂಪದ ಬದಲಾವಣೆಯನ್ನು ಕಣ್ಣಾರೆ ಕಂಡವರು ಬಹಳ ಮಂದಿ ಇದ್ದಾರೆ, ಆದರೆ ಗುತ್ತಿಗೆಯ ಬದಲಾವಣೆಯನ್ನು ಗಮನಿಸಿದವರು ಕಡಿಮೆ. ಮೊದಲನೆಯದು ಒಳ್ಳೆಯದಾಯಿತೋ ಇಲ್ಲವೋ ಎಂಬುದು ಬಹುಮಟ್ಟಿಗೆ ಎರಡನೆಯದನ್ನೇ ಅವಲಂಬಿಸಿದೆ.

1980 ಮತ್ತು 90ರ ದಶಕಗಳ ಕೆಲಸದ ಕ್ರಮವನ್ನು ಹತ್ತಿರದಿಂದ ನೋಡಿದವರಿಗೆ ಅದರ ಮೂರು ಮೆಟ್ಟಿಲುಗಳು ಸ್ಪಷ್ಟವಾಗಿ ನೆನಪಿವೆ. ಜಾಗದ ಮಾಲೀಕನು ಮೊದಲು ವಾಸ್ತುಶಿಲ್ಪಿಯಿಂದ ನಕ್ಷೆ ಬರೆಸಿ, ಕಂಬ ಮತ್ತು ತೊಲೆಗಳ ಲೆಕ್ಕವನ್ನು ಬೇರೊಬ್ಬ ಎಂಜಿನಿಯರನಿಂದ ಮಾಡಿಸುತ್ತಿದ್ದನು. ನಕ್ಷೆ ಪೂರ್ತಿಯಾದ ಮೇಲೆ ಟೆಂಡರ್ ಕರೆದು, ಒಂದೊಂದು ಬಾಬಿಗೂ, ಅಂದರೆ ಇಷ್ಟು ಘನ ಮೀಟರ್ ಅಗೆತಕ್ಕೆ, ಇಷ್ಟು ಕಾಂಕ್ರೀಟಿಗೆ, ಇಷ್ಟು ಟನ್ ಕಬ್ಬಿಣಕ್ಕೆ ಎಂದು ಬೇರೆ ಬೇರೆ ದರ ಪಡೆಯುತ್ತಿದ್ದನು. ಕೊನೆಗೆ ಕಡಿಮೆ ದರದ ಗುತ್ತಿಗೆದಾರನು ಆ ನಕ್ಷೆಯಲ್ಲಿ ಕಂಡಂತೆ ಕಟ್ಟುತ್ತಿದ್ದನು. ಗುತ್ತಿಗೆದಾರನ ಕೆಳಗೆ ಮೇಸ್ತ್ರಿ, ಮೇಸ್ತ್ರಿಯ ಕೆಳಗೆ ಗುಂಪು. ಅಣೆಕಟ್ಟುಗಳ ಕೆಲಸಕ್ಕೆ ದೇಶದ ನಾನಾ ಕಡೆ ಹೋಗಿ ಹೆಸರಾಗಿದ್ದ ಪಾಲಮೂರು, ಅಂದರೆ ಮಹಬೂಬ್‌ನಗರ ಜಿಲ್ಲೆಯ ಕೂಲಿಕಾರರ ಜೊತೆಗೆ, ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದ ಕನ್ನಡದ ಕುಟುಂಬಗಳೂ ಈ ಗುಂಪುಗಳಲ್ಲಿದ್ದವು. ನಿಜಾಮರ ಕಾಲದಿಂದಲೂ ಈ ಜಿಲ್ಲೆಗಳಿಗೆ ಹೈದರಾಬಾದು ಬೆಂಗಳೂರಿಗಿಂತ ಹತ್ತಿರದ ಪಟ್ಟಣವಾಗಿತ್ತು, ಮಳೆ ಕೈಕೊಟ್ಟ ವರ್ಷ ಗಂಡಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ರೈಲು ಹತ್ತುತ್ತಿದ್ದುದೂ ಈ ಊರಿಗೇ.

ಆ ಅಗೆತದ ಕಷ್ಟವನ್ನು ವಿವರಿಸದೆ ಸೆಲ್ಲಾರಿನ ಚರಿತ್ರೆಯನ್ನು ಹೇಳಲಾಗದು. ಹೈದರಾಬಾದು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟಿನ ಮೇಲೆ ಕುಳಿತಿರುವ ನಗರವಾದುದರಿಂದ, ಕೆಲವೇ ಅಡಿ ಮಣ್ಣು ತೆಗೆದ ಕೂಡಲೆ ಅನೇಕ ಕಡೆ ಹಾಸುಬಂಡೆ ಎದುರಾಗುತ್ತದೆ. ಸ್ಫೋಟಕ್ಕೆ ಅವಕಾಶವಿಲ್ಲದ ಇಕ್ಕಟ್ಟಿನ ಪೇಟೆಗಳಲ್ಲಿ ಕಲ್ಲು ಒಡೆಯುವ ಕಸುಬಿನವರು ಬಂಡೆಯ ಮೈಮೇಲೆ ಉಳಿಯಿಂದ ಸಾಲಾಗಿ ಗುಳಿ ತೋಡಿ, ಗುಳಿಗಳಲ್ಲಿ ಉಕ್ಕಿನ ಬೆಣೆಗಳನ್ನು ಇರಿಸಿ, ಒಂದರ ನಂತರ ಒಂದಕ್ಕೆ ಸುತ್ತಿಗೆ ಬೀಳಿಸುತ್ತ ಹೋಗುತ್ತಿದ್ದರು; ಬಂಡೆ ಸೀಳುವ ಮೊದಲು ಅದರ ಸದ್ದು ಬದಲಾಗುವುದನ್ನು ಕಿವಿಯಿಂದಲೇ ತಿಳಿಯುವ ಅವರ ವಿದ್ಯೆ ಯಾವ ಟೆಂಡರಿನ ಬಾಬಿನಲ್ಲಿಯೂ ನಮೂದಾಗಲಿಲ್ಲ. ನಕ್ಷೆಯಲ್ಲಿ ‘ಗಟ್ಟಿ ಮಣ್ಣು’ ಎಂದಿದ್ದಲ್ಲಿ ಬಂಡೆ ಬಂದರೆ ದರ ಬದಲಾಗಬೇಕಿತ್ತು, ಅಂದರೆ ‘ಎಕ್ಸ್‌ಟ್ರಾ ಐಟಂ’ ಎಂಬ ಹೆಚ್ಚುವರಿ ಬಾಬು ಹುಟ್ಟಬೇಕಿತ್ತು. ಅದು ಹುಟ್ಟುತ್ತಿದ್ದುದು ಎಂ.ಬಿ. ಎಂಬ ಅಳತೆ ಪುಸ್ತಕದಲ್ಲಿ. ಟೇಪು ಹಿಡಿದು ಗುಂಡಿಗಿಳಿದ ಎಂಜಿನಿಯರನು ಅದರಲ್ಲಿ ಬರೆದ ಅಂಕಿಯೇ ಬಿಲ್ಲಿಗೆ ಆಧಾರ.

ಈ ಕ್ರಮದ ನಿಜವಾದ ದೋಷ ಗೋಚರಿಸುತ್ತಿದ್ದುದು ಕಟ್ಟಡ ಮುಗಿದ ಮೇಲೆ. ಮೇಲಿನ ಮಹಡಿಗಳ ಅಂಗಡಿಗೋ ವಸತಿಗೋ ಒಪ್ಪುವಂತೆ ಹಾಕಿದ ಕಂಬಗಳೇ ನೆಲಮಾಳಿಗೆಗೂ ಇಳಿಯುತ್ತಿದ್ದವು. ಕಾರು ತಿರುಗುವುದಕ್ಕೆ ಬೇಕಾದ ಅಗಲ ಎಷ್ಟೆಂದು ಯೋಚಿಸಬೇಕಾದವನು ಯಾರೆಂಬುದೇ ನಿಶ್ಚಯವಾಗಿರುತ್ತಿರಲಿಲ್ಲ. ರ‍್ಯಾಂಪು ಕಡಿದಾಗಿ, ಬುಡದಲ್ಲಿ ಮಳೆನೀರು ನಿಂತು, ಕಾರಿನ ಬಾಗಿಲು ಕಂಬಕ್ಕೆ ತಾಗಿ ತೆರೆಯದೆ ಹೋದಾಗ ವಾಸ್ತುಶಿಲ್ಪಿಯು ಗುತ್ತಿಗೆದಾರನತ್ತ, ಗುತ್ತಿಗೆದಾರನು ನಕ್ಷೆಯತ್ತ ಕೈ ತೋರಿಸುತ್ತಿದ್ದರು. ಇದು ಹೈದರಾಬಾದಿಗಷ್ಟೇ ಸೀಮಿತವಾದ ಜಗಳವಲ್ಲ. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1918ರಲ್ಲಿ ಸ್ಪಿಯರಿನ್ ಎಂಬ ಗುತ್ತಿಗೆದಾರನ ಮೊಕದ್ದಮೆಯಲ್ಲಿ, ಮಾಲೀಕನು ಕೊಟ್ಟ ನಕ್ಷೆಯಂತೆ ಕಟ್ಟಿದ ಗುತ್ತಿಗೆದಾರನನ್ನು ಆ ನಕ್ಷೆಯ ದೋಷಕ್ಕೆ ಹೊಣೆ ಮಾಡಲಾಗದು ಎಂದು ತೀರ್ಮಾನಿಸಿತು. ನಕ್ಷೆಯನ್ನೂ ನಿರ್ಮಾಣವನ್ನೂ ಒಂದೇ ಸಂಸ್ಥೆಗೆ ವಹಿಸುವ ಪದ್ಧತಿಗೆ, ಅಂದರೆ ‘ಡಿಸೈನ್-ಬಿಲ್ಡ್’ಗೆ, ಮಾಲೀಕರು ಮುಂದೆ ಒಲಿದುದಕ್ಕೆ ಇದೂ ಒಂದು ಮುಖ್ಯ ಕಾರಣ: ಎರಡೂ ಒಬ್ಬನದೇ ಆದಾಗ ಬೆರಳು ತೋರಿಸಲು ಇನ್ನೊಬ್ಬನಿರುವುದಿಲ್ಲ.

ಹೊಸ ಶತಮಾನದಲ್ಲಿ ನಿಯಮಗಳು ಬಿಗಿಯಾದವು. 2006ರ ಪರಿಷ್ಕೃತ ಕಟ್ಟಡ ನಿಯಮಗಳು, ಅನಂತರ 2012ರ ಏಪ್ರಿಲಿನ 168ನೇ ಸರ್ಕಾರಿ ಆದೇಶ, ಕಟ್ಟಡದ ವಿಸ್ತೀರ್ಣದ ಇಂತಿಷ್ಟು ಪಾಲನ್ನು ವಾಹನಗಳಿಗೆ ಮೀಸಲಿಡಬೇಕೆಂದು ವಿಧಿಸಿದವು. ಆದರೆ ಮೀಸಲಿಟ್ಟ ಸೆಲ್ಲಾರುಗಳು ಔಷಧದಂಗಡಿಯಾಗಿ, ಗೋದಾಮಾಗಿ, ಕೋಚಿಂಗ್ ತರಗತಿಯಾಗಿ ಬದಲಾದುದನ್ನು ಅಮೀರ್‌ಪೇಟೆಯಲ್ಲಿ ಓಡಾಡಿದ ಯಾರೇ ಆದರೂ ಬಲ್ಲರು. 2020ರ ಅಕ್ಟೋಬರ್ ಮಳೆಯಲ್ಲಿ ಅನೇಕ ಸೆಲ್ಲಾರುಗಳು ತುಂಬಿ ಒಳಗಿನ ವಾಹನಗಳು ಮುಳುಗಿದಾಗ, ಬಂಡೆ ಕೊರೆದು ಕೆಳಗೆ ಹೋಗುವುದಕ್ಕಿಂತ ನೆಲದಿಂದ ಮೇಲಕ್ಕೆ ಹೋಗುವುದೇ ಈ ಊರಿಗೆ ತಕ್ಕುದೆಂಬ ಮಾತಿಗೆ ಬಲ ಬಂದಿತು.

ಒಂದೇ ಕೈಗೆ ಕೆಲಸ ಒಪ್ಪಿಸುವ ರೂಢಿ ಪಾರ್ಕಿಂಗ್ ಕಟ್ಟಡಕ್ಕೆ ಬರುವ ಮೊದಲೇ ರಾಜ್ಯದಲ್ಲಿ ಬೇರೆ ದಾರಿಗಳಿಂದ ಬಂದಿತ್ತು. ಮಾಧಾಪುರದ ಬಂಡೆಗಳ ನಡುವೆ ಸೈಬರ್ ಟವರ್ಸ್ 1998ರಲ್ಲಿ ಸರ್ಕಾರ ಮತ್ತು ಎಲ್ ಅಂಡ್ ಟಿ ಸಂಸ್ಥೆಯ ಜಂಟಿ ಉದ್ಯಮವಾಗಿ ಎದ್ದು ನಿಂತದ್ದು ಹಳೆಯ ಗುತ್ತಿಗೆದಾರರಿಗೆ ಮೊದಲ ಬೆರಗು. 2004ರಲ್ಲಿ ಆರಂಭವಾದ ಜಲಯಜ್ಞ ನೀರಾವರಿ ಯೋಜನೆಗಳಲ್ಲಿ ಸಮೀಕ್ಷೆ, ವಿನ್ಯಾಸ, ಸಾಮಗ್ರಿ ಖರೀದಿ, ನಿರ್ಮಾಣ ಎಲ್ಲವನ್ನೂ ಒಟ್ಟು ಮೊತ್ತಕ್ಕೆ ಒಬ್ಬನಿಗೇ ಕೊಡುವ ಇಪಿಸಿ ಗುತ್ತಿಗೆ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದಿತು. 2010ರ ಸೆಪ್ಟೆಂಬರ್ 4ರಂದು ಸಹಿಯಾದ ಮೆಟ್ರೋ ಒಪ್ಪಂದವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಂಡವಾಳ ಹೂಡುವುದನ್ನೂ ಓಡಿಸುವುದನ್ನೂ ಕೊನೆಗೆ ಸರ್ಕಾರಕ್ಕೆ ಹಿಂದಿರುಗಿಸುವುದನ್ನೂ ಅದೇ ಗುತ್ತಿಗೆಯಲ್ಲಿ ಸೇರಿಸಿತು. ಆದರೆ ಜಲಯಜ್ಞದ ಗುತ್ತಿಗೆಗಳ ಬಗ್ಗೆ 2012ರ ಮಹಾಲೇಖಪಾಲರ ವರದಿ ಕಟುವಾದ ಆಕ್ಷೇಪಗಳನ್ನು ಎತ್ತಿತೆಂಬುದನ್ನು ಇಲ್ಲಿ ಮರೆಯಬಾರದು. ಮಾಲೀಕನಾದ ಸರ್ಕಾರವೇ ತನಗೆ ಬೇಕಾದುದನ್ನು ತಕ್ಕಷ್ಟು ಅರಿಯದೆ ಎಲ್ಲವನ್ನೂ ಒಪ್ಪಿಸಿದರೆ ಅಪಾಯವು ಗುತ್ತಿಗೆದಾರನಿಗೆ ವರ್ಗವಾಗುವುದಿಲ್ಲ, ಕೆಲಕಾಲ ಕಣ್ಣಿಗೆ ಮರೆಯಾಗುತ್ತದೆ, ಅಷ್ಟೆ.

ಹಾಗಿದ್ದರೂ ಪಾರ್ಕಿಂಗ್ ಕಟ್ಟಡಕ್ಕೆ ಈ ಪದ್ಧತಿ ಬೇರೆಲ್ಲ ಕಟ್ಟಡಗಳಿಗಿಂತ ಹೆಚ್ಚು ಹೊಂದುತ್ತದೆ ಎನ್ನಲು ಬಲವಾದ ಕಾರಣಗಳಿವೆ. ಆಸ್ಪತ್ರೆಯಲ್ಲಾಗಲಿ ಗ್ರಂಥಾಲಯದಲ್ಲಾಗಲಿ ಕಂಬಗಳ ಅಸ್ಥಿಪಂಜರದ ಮೇಲೆ ಗೋಡೆ, ಕೊಠಡಿ, ಅಲಂಕಾರಗಳ ಇನ್ನೊಂದು ಮೈ ಬೆಳೆಯುತ್ತದೆ. ಪಾರ್ಕಿಂಗ್ ಕಟ್ಟಡದಲ್ಲಿ ಆ ಅಸ್ಥಿಪಂಜರವೇ ಕಟ್ಟಡ. ಒಂದು ಕಾರು ನಿಲ್ಲುವ ಅಂಕಣ 2.5 ಮೀಟರ್ ಅಗಲ, 5 ಮೀಟರ್ ಉದ್ದ, ಅಂದರೆ 12.5 ಚದರ ಮೀಟರ್; ಆದರೆ ನಗರ ಯೋಜಕರ ರೂಢಿಯ ಲೆಕ್ಕದಲ್ಲಿ ಬಯಲು ನಿಲ್ದಾಣಕ್ಕೆ ಕಾರೊಂದಕ್ಕೆ 23, ನೆಲಮಾಳಿಗೆಯಲ್ಲಿ 32 ಚದರ ಮೀಟರ್ ಹಿಡಿಯುತ್ತದೆ, ಏಕೆಂದರೆ ಉಳಿದುದೆಲ್ಲ ಓಡಾಟದ ಹಾದಿ, ರ‍್ಯಾಂಪು ಮತ್ತು ಕಂಬಗಳ ಪಾಲು. ಎರಡು ಸಾಲು ಕಾರುಗಳು ಮತ್ತು ನಡುವಿನ ಹಾದಿ ಸೇರಿ ಸುಮಾರು 16 ಮೀಟರ್ ಕಂಬವಿಲ್ಲದ ಹರವು ಬೇಕೆಂದರೆ, ಕಾಂಕ್ರೀಟಿನೊಳಗೆ ಉಕ್ಕಿನ ಹುರಿಗಳನ್ನು ಎಳೆದು ಬಿಗಿಯುವ ಪೋಸ್ಟ್-ಟೆನ್ಷನಿಂಗ್ ವಿಧಾನವನ್ನೋ ಕಾರ್ಖಾನೆಯಲ್ಲಿ ಎರಕ ಹೊಯ್ದು ತರುವ ತೊಲೆಗಳನ್ನೋ ಆರಿಸಬೇಕಾಗುತ್ತದೆ. 3.3 ಮೀಟರ್ ಎತ್ತರದ ಮಹಡಿಗೆ 8ಕ್ಕೆ 1ರ ಇಳಿಜಾರಿನಲ್ಲಿ 26 ಮೀಟರಿಗೂ ಮೀರಿದ ರ‍್ಯಾಂಪು ಬೇಕು. ಇವುಗಳಲ್ಲಿ ಒಂದನ್ನು ಮುಟ್ಟಿದರೆ ಉಳಿದವೆಲ್ಲ ಅಲುಗುತ್ತವೆ. ತೊಲೆ ಅರ್ಧ ಅಡಿ ದಪ್ಪವಾದರೆ ಮಹಡಿಯ ಎತ್ತರ, ರ‍್ಯಾಂಪಿನ ಉದ್ದ, ಕಾರುಗಳ ಸಂಖ್ಯೆ, ಕೊನೆಗೆ ಬರುವ ಶುಲ್ಕ ಎಲ್ಲವೂ ಬದಲಾಗುತ್ತವೆ. ತೊಲೆಯನ್ನು ಎರಕ ಹೊಯ್ಯುವವನು ನಕ್ಷೆ ಬರೆಯುವ ಮೇಜಿನಲ್ಲಿಯೇ ಕುಳಿತಿದ್ದರೆ ಈ ಹೊಂದಾಣಿಕೆಗಳು ಕಾಗದದ ಮೇಲೆಯೇ ಮುಗಿಯುತ್ತವೆ. ಇಲ್ಲವಾದರೆ ಸೆಂಟ್ರಿಂಗ್ ಕಟ್ಟಿದ ಮೇಲೆ ಆರಂಭವಾಗುತ್ತವೆ.

ಯಂತ್ರಚಾಲಿತ ನಿಲ್ದಾಣದಲ್ಲಿ ಈ ಮಾತು ಇನ್ನೂ ನಿಜ. 1907ರಲ್ಲಿ ಕಟ್ಟಿದ ನಾಂಪಲ್ಲಿ ರೈಲು ನಿಲ್ದಾಣದ ನೆರೆಯಲ್ಲಿ, ಪ್ರತಿ ಜನವರಿಯಲ್ಲಿ ಆರಂಭವಾಗುವ ನುಮಾಯಿಶ್ ವಸ್ತುಪ್ರದರ್ಶನದ ದಿನಗಳಲ್ಲಂತೂ ಕಾಲಿಡಲು ಜಾಗವಿಲ್ಲದ ಪ್ರದೇಶದಲ್ಲಿ, ಹೈದರಾಬಾದ್ ಮೆಟ್ರೋ ರೈಲು ನಿಗಮವು ಅರ್ಧ ಎಕರೆಯೂ ಇಲ್ಲದ ತನ್ನ ಜಾಗವನ್ನು ಖಾಸಗಿ ಪಾಲುದಾರಿಕೆಯಲ್ಲಿ ಬಹುಮಹಡಿ ನಿಲ್ದಾಣಕ್ಕೆ ಕೊಟ್ಟಿತು. ಅಲ್ಲಿ ಬಳಸಿದ್ದು ಜರ್ಮನಿಯ ತಂತ್ರಜ್ಞಾನ. ವಾಹನವನ್ನು ನೆಲಮಟ್ಟದಲ್ಲಿ ಹಲಗೆಯ ಮೇಲೆ ಬಿಟ್ಟು ಚಾಲಕನು ಹೊರಗೆ ಬಂದರೆ, ಲಿಫ್ಟು ಮತ್ತು ಅಡ್ಡಡ್ಡ ಸಾಗುವ ಬಂಡಿಗಳು ಅದನ್ನು ಮೇಲಿನ ಮಹಡಿಯ ಗೂಡಿಗೆ ಒಯ್ಯುತ್ತವೆ. ಹದಿನೈದು ಮಹಡಿಗಳಲ್ಲಿ ಹತ್ತು ವಾಹನಗಳಿಗೂ ಉಳಿದವು ಅಂಗಡಿ ಮತ್ತು ಚಿತ್ರಮಂದಿರಗಳಿಗೂ ಎಂಬ ಹಂಚಿಕೆಯ ಹಿಂದಿನ ತರ್ಕ ಸರಳವಾದುದು: ಶುಲ್ಕವೊಂದರಿಂದಲೇ ಇಂಥ ಕಟ್ಟಡದ ಬಂಡವಾಳ ಹಿಂದಿರುಗುವುದು ಕಷ್ಟ, ಬಾಡಿಗೆ ಅದಕ್ಕೆ ಊರುಗೋಲಾಗಬೇಕು. ಇಲ್ಲಿ ಲಿಫ್ಟಿನ ಗುಂಡಿಯ ಆಳ, ಕಂಬಗಳ ಅಂತರ, ನೆಲದ ಮಟ್ಟದ ಮಿಲಿಮೀಟರ್ ಲೆಕ್ಕದ ನಿಖರತೆ ಎಲ್ಲವನ್ನೂ ಯಂತ್ರದ ತಯಾರಕನೇ ಹೇಳಬೇಕಾದುದರಿಂದ, ಮೊದಲು ನಕ್ಷೆ ಮಾಡಿ ಆಮೇಲೆ ಯಂತ್ರಕ್ಕೆ ಟೆಂಡರ್ ಕರೆಯುವ ಹಳೆಯ ಕ್ರಮ ನಡೆಯುವಂತೆಯೇ ಇರಲಿಲ್ಲ. ಆದರೆ ಕೋವಿಡ್ ವರ್ಷಗಳನ್ನೂ ದಾಟಿ ಕಟ್ಟಡ ನಿಧಾನವಾಗಿ ಮೇಲೇರಿದುದನ್ನು ಆ ರಸ್ತೆಯ ಜನ ನೋಡಿದ್ದಾರೆ. ಒಂದೇ ಕೈಗೆ ಕೊಟ್ಟ ಕೆಲಸ ಬೇಗ ಮುಗಿಯುತ್ತದೆಂಬ ಪಠ್ಯಪುಸ್ತಕದ ಭರವಸೆ ಎಲ್ಲ ಸಂದರ್ಭಗಳಲ್ಲಿಯೂ ನಿಲ್ಲುವುದಿಲ್ಲ.

ಈ ಬದಲಾವಣೆಯಲ್ಲಿ ಕಳೆದುಹೋದುದೂ ಉಂಟು. ಒಟ್ಟು ಮೊತ್ತದ ಗುತ್ತಿಗೆಯಲ್ಲಿ ಹಣ ಸಂದಾಯವಾಗುವುದು ಹಂತಗಳ ಲೆಕ್ಕದಲ್ಲಿ, ಅಂದರೆ ಬುನಾದಿ ಮುಗಿದರೆ ಇಷ್ಟು, ಐದನೆಯ ಸ್ಲ್ಯಾಬಿಗೆ ಇಷ್ಟು ಎಂದು. ಹೀಗಾಗಿ ಟೇಪು ಹಿಡಿದು ಗುಂಡಿಗಿಳಿಯುತ್ತಿದ್ದ ಎಂಜಿನಿಯರನ ಅಳತೆ ಪುಸ್ತಕ ಅನಗತ್ಯವಾಯಿತು. ಆ ಪುಸ್ತಕದ ಸುತ್ತ ನಡೆದ ಅಕ್ರಮಗಳು ಕಡಿಮೆಯೇನಲ್ಲ, ಆದರೆ ಪ್ರಾಮಾಣಿಕನೊಬ್ಬನು ದಿನವೂ ಕಂಬಿಗಳ ಅಂತರ ಎಣಿಸುತ್ತಿದ್ದುದು ಕಟ್ಟಡಕ್ಕೆ ದೊಡ್ಡ ಕಾವಲಾಗಿತ್ತು. ಡಿಸೈನ್-ಬಿಲ್ಡಿನಲ್ಲಿ ವಾಸ್ತುಶಿಲ್ಪಿಯೂ ಎಂಜಿನಿಯರನೂ ಗುತ್ತಿಗೆದಾರನ ಸಂಬಳದವರಾದ ಮೇಲೆ, ಮಾಲೀಕನ ಪರವಾಗಿ ಲೆಕ್ಕವನ್ನು ಮರುಪರಿಶೀಲಿಸುವ ಮೂರನೆಯವನೊಬ್ಬನು ಇರಲೇಬೇಕು. ಉಸ್ಮಾನಿಯಾ, ಜೆಎನ್‌ಟಿಯು, ಐಐಟಿಯಂಥ ವಿದ್ಯಾಸಂಸ್ಥೆಗಳ ಪ್ರಾಧ್ಯಾಪಕರಿಂದ ಇಂಥ ತಪಾಸಣೆ ಮಾಡಿಸುವುದನ್ನು ಖರ್ಚೆಂದು ತಿಳಿದು ಬಿಡುವ ಮಾಲೀಕನು ತನ್ನ ಕೊನೆಯ ರಕ್ಷಣೆಯನ್ನು ತಾನೇ ಕಳೆದುಕೊಳ್ಳುತ್ತಾನೆ. ಗುತ್ತಿಗೆದಾರನ ಆಯ್ಕೆಯೂ ಬದಲಾಗಬೇಕು. ಎಲ್ಲರೂ ಒಂದೇ ನಕ್ಷೆಗೆ ದರ ಹೇಳುವಾಗ ಕಡಿಮೆ ದರದವನನ್ನು ಒಪ್ಪುವುದರಲ್ಲಿ ಅರ್ಥವಿತ್ತು. ಒಬ್ಬೊಬ್ಬರು ಒಂದೊಂದು ಬಗೆಯ ಕಟ್ಟಡವನ್ನೇ ಮುಂದಿಡುವಾಗ ದರವನ್ನು ಮಾತ್ರ ನೋಡುವುದೆಂದರೆ ಎಲ್ಲಕ್ಕಿಂತ ಬಡವಾದ ವಿನ್ಯಾಸವನ್ನು ಹುಡುಕಿ ಆರಿಸಿದಂತೆ. ಗುಣಮಟ್ಟಕ್ಕೂ ಅಂಕ ಕೊಟ್ಟು ತೂಗುವ ಪದ್ಧತಿಗೆ ಕೇಂದ್ರ ಹಣಕಾಸು ಸಚಿವಾಲಯವು 2021ರ ಅಕ್ಟೋಬರಿನಲ್ಲಿ ಕಾಮಗಾರಿಗಳಲ್ಲಿಯೂ ಕೆಲವು ಷರತ್ತುಗಳೊಡನೆ ಅವಕಾಶ ಕೊಟ್ಟಿತಾದರೂ, ಕಡಿಮೆ ದರದವನನ್ನು ಬಿಟ್ಟರೆ ತನಿಖೆ ಬಂದೀತೆಂಬ ಅಂಜಿಕೆ ಕಚೇರಿಗಳಲ್ಲಿ ಸುಲಭವಾಗಿ ಹೋಗುವಂಥದಲ್ಲ.

ಕೂಲಿಯ ಗುಂಪುಗಳೂ ಚದುರಿದವು. ಬಂಡೆಗೆ ಬೆಣೆ ಹೊಡೆಯುವವರ ಜಾಗಕ್ಕೆ ಬ್ರೇಕರ್ ಯಂತ್ರ ಬಂದಿತು, ಬುಟ್ಟಿ ಹೊರುತ್ತಿದ್ದ ಹೆಂಗಸರ ಜಾಗಕ್ಕೆ ಕಾಂಕ್ರೀಟ್ ಪಂಪು ಬಂದಿತು. ರಾಯಚೂರಿನ ಕಡೆಯ ಕನ್ನಡ ಕೇಳಿಸುತ್ತಿದ್ದ ಕಾಮಗಾರಿಗಳಲ್ಲಿ ಈಗ ಒಡಿಶಾ, ಬಿಹಾರಗಳ ಮಾತು ಹೆಚ್ಚು ಕೇಳಿಸುತ್ತದೆ.

ಹಳೆಯ ಕಾವಲುಗಳು ಹೀಗೆ ಇಲ್ಲವಾದುದರಿಂದ ಡಿಸೈನ್-ಬಿಲ್ಡನ್ನು ಆರಿಸುವ ಮಾಲೀಕನ ಕೆಲಸ ಟೆಂಡರಿಗೆ ಮೊದಲೇ ಹೆಚ್ಚು ಇರುತ್ತದೆ. ಅವನು ಬರೆದುಕೊಡಬೇಕಾದುದು ‘ಮಾಲೀಕನ ಅಗತ್ಯಗಳು’ ಎಂಬ ದಾಖಲೆ. ಸಲಹಾ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಡಿಕ್ 1999ರಲ್ಲಿ ಪ್ರಕಟಿಸಿದ ಹಳದಿ ಪುಸ್ತಕವೆಂಬ ಮಾದರಿ ಗುತ್ತಿಗೆಯ ಜೀವವೇ ಈ ದಾಖಲೆ. ಅದರಲ್ಲಿ ಕಂಬದ ಅಳತೆ ಇರಬೇಕಾಗಿಲ್ಲ, ಆದರೆ ಸಂಜೆಯ ನೂಕುನುಗ್ಗಲಿನಲ್ಲಿ ಗಂಟೆಗೆ ಎಷ್ಟು ಕಾರು ಹೊರಬರಬೇಕು, ಹೊರಬಂದ ಕಾರು ಯಾವ ರಸ್ತೆಗೆ ಸೇರಬೇಕು, ವಿದ್ಯುತ್ ಹೋದಾಗ ಮೇಲಿರುವ ಕಾರು ಎಷ್ಟು ಹೊತ್ತಿನಲ್ಲಿ ಕೆಳಗಿಳಿಯಬೇಕು ಎಂಬುದಿರಬೇಕು. ಭಾರತೀಯ ಮಾನಕ ಸಂಸ್ಥೆಯ 875ನೇ ಮಾನಕವು ಸುಮಾರು ಎರಡೂವರೆ ಟನ್ನಿನವರೆಗಿನ ವಾಹನಗಳಿಗೆ ಹೇಳುವ ಭಾರಕ್ಕೆ ನೆಲವನ್ನು ವಿನ್ಯಾಸ ಮಾಡಬೇಕೋ, ಬ್ಯಾಟರಿಯ ತೂಕದಿಂದ ದಿನೇ ದಿನೇ ಭಾರವಾಗುತ್ತಿರುವ ವಾಹನಗಳನ್ನು ಎಣಿಸಿ ಅದಕ್ಕಿಂತ ಹೆಚ್ಚಿನದಕ್ಕೆ ಮಾಡಬೇಕೋ ಎಂಬುದನ್ನೂ, ಉದ್ದವಾದ ಎಸ್‌ಯುವಿಗಳಿಗೆ ಹಲಗೆ ಸಾಲುವುದೋ ಎಂಬುದನ್ನೂ ಅವನೇ ನಿರ್ಧರಿಸಬೇಕು, ಏಕೆಂದರೆ ಕೇಳದಿದ್ದುದನ್ನು ಒಟ್ಟು ಮೊತ್ತಕ್ಕೆ ಒಪ್ಪಿಕೊಂಡ ಗುತ್ತಿಗೆದಾರನು ತಾನಾಗಿ ಕೊಡುವನೆಂದು ನಿರೀಕ್ಷಿಸುವುದು ಅನ್ಯಾಯ. ಯಂತ್ರದ ಬಿಡಿಭಾಗಗಳ ಪೂರೈಕೆಯನ್ನೂ ದುರಸ್ತಿಯನ್ನೂ ದೋಷಹೊಣೆಯ ಅವಧಿ ಮುಗಿದ ಬಳಿಕವೂ ಎಷ್ಟು ವರ್ಷ ಅದೇ ಸಂಸ್ಥೆ ನೋಡಿಕೊಳ್ಳಬೇಕು, ಅದರ ಖರ್ಚು ಮೂಲ ದರದಲ್ಲಿ ಸೇರಿದೆಯೇ ಇಲ್ಲವೇ ಎಂಬುದು ಸಹಿಗೆ ಮುಂಚೆ ತೀರ್ಮಾನವಾಗಿರಬೇಕು. ನಾಂಪಲ್ಲಿಯಂಥ ಕಡೆ ಹತ್ತು ಮಹಡಿಯ ಮೇಲೆ ಕಾರು ಇಟ್ಟು ರೈಲು ಹತ್ತಿದವನಿಗೆ, ಹಿಂದಿರುಗಿ ಬಂದಾಗ ಅದು ಕೆಳಗೆ ಬರುವುದೆಂಬ ಖಾತರಿ ಸಿಗುವುದು ಆ ಒಂದು ಷರತ್ತಿನಿಂದಲೇ.