ಈರುಳ್ಳಿ ಬೀದಿ

ಪೈಪ್ಸಿ ಸರೋವರದ ದಂಡೆಯ ಹಳ್ಳಿಗಳಿಗೆ ಉದ್ದ ಮಾತ್ರ ಉಂಟು, ಅಗಲವಿಲ್ಲ. ಎಸ್ಟೋನಿಯಾದ ಪೂರ್ವದ ಅಂಚಿನಲ್ಲಿ ಪೈಪ್ಸಿಯಾರೆ ಎಂಬ ಗ್ರಾಮಾಡಳಿತ. ಅದರಲ್ಲಿ ವಾರ್ನ್ಯಾ, ಕಸೆಪ್ಯಾ, ಕೊಲ್ಕ್ಯಾ ಒಂದರ ಬಾಲ ಹಿಡಿದು ಇನ್ನೊಂದು. ಒಂದೇ ಬೀದಿ, ಅದರ ಪಕ್ಕ ಬಣ್ಣ ಬಳಿದ ಮರದ ಮನೆಗಳು, ಬೇಲಿಯಾಚೆ ಈರುಳ್ಳಿ, ಈರುಳ್ಳಿಯಾಚೆ ನೀರು. ಬೇಕೆಂದರೂ ದಾರಿ ತಪ್ಪುವಂತಿಲ್ಲ.

ಇಲ್ಲಿ ಬಹಳ ಮಂದಿ ರಷ್ಯನ್ ಮಾತಾಡುವ 'ಹಳೆಯ ನಂಬಿಕೆ'ಯವರು. 17ನೆಯ ಶತಮಾನದ ಮಧ್ಯದಲ್ಲಿ ಮಾಸ್ಕೋದ ಆರ್ಥೊಡಾಕ್ಸ್ ಚರ್ಚಿನ ಮಹಾಗುರು ನಿಕಾನ್ ಪೂಜೆಯ ಪದ್ಧತಿಗಳನ್ನು ತಿದ್ದಿದ. ಶಿಲುಬೆಯ ಗುರುತನ್ನು ಎರಡು ಬೆರಳಲ್ಲ, ಮೂರು ಬೆರಳು ಸೇರಿಸಿ ಹಾಕಿಕೊಳ್ಳಬೇಕು ಎಂಬುದೂ ಅದರಲ್ಲೊಂದು. ಒಪ್ಪದವರಿಗೆ ಕಿರುಕುಳ ಶುರುವಾಯಿತು. ಸಾಲದ್ದಕ್ಕೆ ಪೀಟರ್ ದೊರೆ ಗಡ್ಡಕ್ಕೂ ತೆರಿಗೆ ಹಾಕಿದ. ಇವರು ಬೆರಳನ್ನೂ ಕೂಡಿಸಲಿಲ್ಲ, ಗಡ್ಡವನ್ನೂ ಬೋಳಿಸಲಿಲ್ಲ. ಗಂಟುಮೂಟೆ ಕಟ್ಟಿ ಈ ಕಡೆ ಬಂದರು.

ಬಂದು ಹಿಡಿದದ್ದು ಮೀನು ಮತ್ತು ಈರುಳ್ಳಿ. ನೀರು ನಿಲ್ಲುವ ತಗ್ಗು ನೆಲವಾದ್ದರಿಂದ ಮಣ್ಣು ಏರಿಸಿ ಎತ್ತರದ ಪಾತಿ ಕಟ್ಟುತ್ತಾರೆ. ಗುದ್ದಲಿಯ ಕೆಲಸವೇ ಹೆಚ್ಚು. ಬಿತ್ತನೆಯ ಗಡ್ಡೆಗಳಿಗೆ ಚಳಿಗಾಲದಲ್ಲಿ ಮನೆಯೊಳಗೆ, ಒಲೆಯ ಬಳಿ ಬೆಚ್ಚನೆಯ ಜಾಗ. ಥಂಡಿ ತಾಗಿದರೆ ಅವು ಗಡ್ಡೆ ಕಟ್ಟುವುದನ್ನು ಬಿಟ್ಟು ಹೂ ಬಿಡಲು ಹೊರಡುತ್ತವೆ! ಬೇಸಿಗೆ ಮುಗಿಯುವ ಹೊತ್ತಿಗೆ ಜಡೆಯಂತೆ ಹೆಣೆದ ಈರುಳ್ಳಿ ಸರಗಳು ರಸ್ತೆ ಬದಿಯಲ್ಲಿ ತೂಗುತ್ತಿರುತ್ತವೆ. ಈಗ ಪ್ರವಾಸಿಗರಿಗಾಗಿ ಈ ದಾರಿಗೇ 'ಈರುಳ್ಳಿ ಹಾದಿ' ಎಂದು ಹೆಸರಿಟ್ಟಿದ್ದಾರೆ.

ಹಿಂದೆ ಈ ಮನೆಗಳಲ್ಲಿ ಪರಮತದವರಿಗೆ ಬೇರೆಯೇ ತಟ್ಟೆ ಲೋಟ ಇಡುತ್ತಿದ್ದರಂತೆ. ನಮ್ಮ ಕಡೆ ಅಷ್ಟು ಮಡಿಯವರ ಅಡುಗೆಮನೆಗೆ ಈರುಳ್ಳಿ ಹೊಸ್ತಿಲು ದಾಟಿ ಬಂದರೆ ಕೇಳಿ! ಇಲ್ಲಿ ಮಡಿಯನ್ನು ಸಾಕಿದ್ದೇ ಈರುಳ್ಳಿ. ಇದನ್ನು ನೆನೆದು ಬೀದಿಯುದ್ದಕ್ಕೂ ಒಬ್ಬನೇ ನಕ್ಕೆ.

2017ರಲ್ಲಿ ಎಸ್ಟೋನಿಯಾ ಸರ್ಕಾರ ಸ್ಥಳೀಯ ಆಡಳಿತಗಳನ್ನು ಒಂದರೊಳಗೊಂದು ಸೇರಿಸಿ 213ನ್ನು 79ಕ್ಕೆ ಇಳಿಸಿತು. ಕೆಂಪು ಮರಳುಗಲ್ಲಿನ ದಂಡೆಯ ಕಲ್ಲಾಸ್ತೆ ತನ್ನದೇ ನಗರಾಡಳಿತ ಕಳೆದುಕೊಂಡು ಇದೇ ಪೈಪ್ಸಿಯಾರೆಗೆ ಸೇರಿತು. ಗ್ರಾಮಾಡಳಿತದ ಕಚೇರಿ ಇರುವುದು ಅಲತ್ಸ್ಕಿವಿಯಲ್ಲಿ. ಅಲ್ಲಿ 19ನೆಯ ಶತಮಾನದ ಜಮೀನ್ದಾರನೊಬ್ಬ ಸ್ಕಾಟ್ಲೆಂಡಿನ ಬಾಲ್ಮೋರಲ್ ಅರಮನೆಯ ಮಾದರಿಯಲ್ಲಿ ಕಟ್ಟಿಸಿಕೊಂಡ ಬಿಳಿಯ ಬಂಗಲೆಯಿದೆ. ಚೆಂದವಿದೆ, ಆದರೆ ನನ್ನ ಮನಸ್ಸು ಈರುಳ್ಳಿ ಬಿಟ್ಟು ಅತ್ತ ಹೋಗಲಿಲ್ಲ.

ಸರೋವರದ ನಡುವೆ ರಷ್ಯಾದ ಗಡಿ ಹಾದಿದೆ. 1242ರಲ್ಲಿ ಇದರ ಮಂಜುಗಡ್ಡೆಯ ಮೇಲೆ ರಷ್ಯನ್ ದೊರೆ ಅಲೆಕ್ಸಾಂಡರ್ ನೆವ್ಸ್ಕಿ ಜರ್ಮನ್ ಸರದಾರರನ್ನು ಸೋಲಿಸಿದ. ಈಗ ಚಳಿಗಾಲದಲ್ಲಿ ಅದೇ ಮಂಜುಗಡ್ಡೆಯ ಮೇಲೆ ಊರವರು ಮೀನಿಗೆ ಹೋಗುವುದು 'ಕರಕಾತ್' ಏರಿ: ಯಾವುದೋ ಗಾಡಿಯ ಎಂಜಿನ್, ಇನ್ಯಾವುದರದೋ ಸೀಟು, ಬಲೂನಿನಂಥ ಚಕ್ರ. ಯಾವ ಕಂಪನಿಯದು ಎಂದು ಕೇಳುವ ಹಾಗಿಲ್ಲ. ಕಟ್ಟಿದವನ ಮನೆ ಯಾವುದೆಂದು ಕೇಳಿದರೆ ತೋರಿಸುತ್ತಾರೆ.