ಭೂತಾನದ ಹೆಬ್ಬಾಗಿಲಲ್ಲಿ

ಪಶ್ಚಿಮ ಬಂಗಾಳದ ಜಯಗಾಂವ್ ಪೇಟೆಗೆ ಹೊಂದಿಕೊಂಡೇ ಭೂತಾನದ ಫುಂಟ್‌ಶೋಲಿಂಗ್ ಪಟ್ಟಣವಿದೆ. ನಡುವೆ ಚಿತ್ತಾರದ ಒಂದು ಹೆಬ್ಬಾಗಿಲು. 2023ರ ಕೊನೆಯಲ್ಲಿ ನಾವು ಐವರು ಅಲ್ಲಿಗೆ ಹೋದೆವು. ಪಾರೋ ಕಣಿವೆಯ ಕಡಿಬಂಡೆಗೆ ಅಂಟಿಕೊಂಡಂತಿರುವ ತಕ್ತ್‌ಸಂಗ್ ಮಠವನ್ನು ಕಾಣಬೇಕೆಂದು ನಮ್ಮನ್ನೆಲ್ಲ ಹೊರಡಿಸಿದವರು ಎಪ್ಪತ್ತೈದರ ಹಿರಿಯರೊಬ್ಬರು.

ಭಾರತೀಯರಿಗೆ ಭೂತಾನದ ವೀಸಾ ಬೇಕಿಲ್ಲ, ನಿಜ. ಆದರೆ ಪ್ರವೇಶಪತ್ರ ಬೇಕೇ ಬೇಕು. ಅದಕ್ಕೆ ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ತೋರಿಸಬೇಕು. ಹಿರಿಯರ ಬಳಿ ಇದ್ದುದು ಆಧಾರ್ ಮಾತ್ರ. ಅದು ನಡೆಯಲಿಲ್ಲ. "ನೀವು ಹೋಗಿ ಬನ್ನಿರಿ, ನಾನು ಇಲ್ಲಿಯೇ ಇರುತ್ತೇನೆ" ಎಂದು ಅವರು ಜಯಗಾಂವ್‌ನಲ್ಲಿಯೇ ಉಳಿದರು.

ಈ ಕಟ್ಟಳೆಗಳಿಗೆ ಕಾರಣವಿದೆ. 1974ರಲ್ಲಿ ಪ್ರವಾಸಿಗರಿಗೆ ಬಾಗಿಲು ತೆರೆದ ಈ ದೇಶ, ನೆಲದ ನೂರಕ್ಕೆ 60 ಪಾಲಾದರೂ ಕಾಡಾಗಿರಬೇಕೆಂದು ತನ್ನ ಸಂವಿಧಾನದಲ್ಲಿಯೇ ಬರೆದುಕೊಂಡಿದೆ. ಜನಜಂಗುಳಿಯನ್ನು ಅದು ಬಯಸದು. 2022ರ ಸೆಪ್ಟೆಂಬರಿನಿಂದ ಭಾರತೀಯರೂ ರಾತ್ರಿಯೊಂದಕ್ಕೆ 1,200 ರೂಪಾಯಿ ಶುಲ್ಕ ತೆರಬೇಕಾಯಿತು. ವೀಸಾ ಪಡೆದು ಬರುವ ದೂರದೇಶದವರಿಗೆ ಅದು 200 ಡಾಲರ್ ಇದ್ದುದು 2023ರ ಸೆಪ್ಟೆಂಬರಿನಲ್ಲಿ 100ಕ್ಕೆ ಇಳಿಯಿತು. ನಮ್ಮ ಪ್ರವೇಶಪತ್ರ ಸಲ್ಲುತ್ತಿದ್ದುದು ಥಿಂಪು, ಪಾರೋಗಳಿಗೆ ಮಾತ್ರ. ಪುನಾಖಾಕ್ಕೆ ಬೇರೆಯೇ ಅನುಮತಿ ಪಡೆದೆವು.

ತಕ್ತ್‌ಸಂಗ್ ಏರುವಾಗ ಹೆಜ್ಜೆಹೆಜ್ಜೆಗೂ ಹಿರಿಯರ ನೆನಪು. ಮರಳಿ ಬಂದಾಗ ಅವರು ಕೇಳಿದ್ದು ಒಂದೇ ಮಾತು: "ದರ್ಶನವಾಯಿತೇ?" ನಮಗೆ ತಲೆಯೆತ್ತಲಾಗಲಿಲ್ಲ. ಹೊರಡುವ ಮುನ್ನ ಅವರ ಕಾಗದಪತ್ರಗಳನ್ನು ನೋಡಬೇಕಾಗಿದ್ದವರು ಕಿರಿಯರಾದ ನಾವು. ಹಿರಿಯರೊಡನೆ ಯಾತ್ರೆ ಹೊರಡುವ ಬಂಧುಗಳು ಬುತ್ತಿ ಕಟ್ಟುವ ಮೊದಲು ಆ ಕೆಲಸ ಮಾಡಲಿ.