ಎರಡೂವರೆ ಆಯಾಮದ ಕರು

ಅಡಿಕೆ ತೋಟವನ್ನು ವಿಡಿಯೋ ಗೇಮಿನೊಳಗೆ ತರಲು ಹೊರಟವನಿಗೆ ಮೊದಲು ಅಡ್ಡ ಬರುವುದು ಅಡಿಕೆ ಮರವೇ. ಮೇಲಿನಿಂದ ನೋಡಿದರೆ ಬರೀ ಸೋಗೆ. ಕೆಳಗೆ ಯಾರು ಯಾರನ್ನು ಅಟ್ಟಿಸಿಕೊಂಡು ಹೋಗುತ್ತಿದ್ದಾರೆಂದು ದೇವರಿಗೂ ಕಾಣದು. ಪಕ್ಕದಿಂದ ನೋಡಿದರೆ ಬರೀ ಕಂಬ. ತೋಟದೊಳಗೇ ಇಳಿದು ನೋಡುತ್ತೇನೆಂದರೆ ಎತ್ತ ತಿರುಗಿದರೂ ಮೂಗಿನ ಮುಂದೊಂದು ಮರ.

ನನ್ನ ಆಟದ ಕಥೆ ದೊಡ್ಡದೇನಲ್ಲ. ಕೊಟ್ಟಿಗೆಯಲ್ಲಿ ಕಟ್ಟಿದ್ದ ಕರು ಕಣ್ಣಿ ಬಿಚ್ಚಿಕೊಂಡು ತೋಟಕ್ಕೆ ನುಗ್ಗಿದೆ. ಎಳೆ ಸಸಿಗಳಿಗೆ ಬಾಯಿ ಹಾಕುವ ಮೊದಲು ಹಿಡಿದು ತರಬೇಕು. ನಡುವೆ ಕಾಲುವೆಗಳಿವೆ, ಅಲುಗಾಡುವ ಸಂಕವಿದೆ, ಕಾಲಿಟ್ಟರೆ ಜಾರುವ ಹಾಳೆಗಳಿವೆ, ಉಂಬಳಗಳಿವೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಹುಡುಗನಾಗಿದ್ದಾಗ ಬೆಳ್ಳಿ ಎಂಬ ಕರುವಿನ ಹಿಂದೆ ಈ ಆಟವನ್ನು ಕಂಪ್ಯೂಟರಿಲ್ಲದೆ ಬೇಕಾದಷ್ಟು ಆಡಿದವನು ನಾನು. ಈಗ ಬೆಂಗಳೂರಿನಲ್ಲಿ ವಿಮೆಯ ಲೆಕ್ಕಪತ್ರ ನೋಡುವ ಕೆಲಸ. ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದು, ಗೊಡೊ ಎಂಬ ಪುಕ್ಕಟೆ ತಂತ್ರಾಂಶದಲ್ಲಿ ಕರು ಮೇಯಿಸುತ್ತೇನೆ. ಹೊಸ ದೃಶ್ಯ ಶುರು ಮಾಡಲು ಹೋದರೆ ಅದು ಮೊದಲು ಕೇಳುವುದೇ, ಟೂಡಿಯೋ ತ್ರೀಡಿಯೋ ಎಂದು. ಮದುವೆ ಮನೆಯಲ್ಲಿ ಗಂಡಿನ ಕಡೆಯವರೋ ಹೆಣ್ಣಿನ ಕಡೆಯವರೋ ಎಂದು ಬಾಗಿಲಲ್ಲೇ ಕೇಳಿದ ಹಾಗೆ.

"ತ್ರೀಡಿ ಇಲ್ದಿದ್ರೆ ಯಾರು ಆಡ್ತಾರೆ ಮಾವ?" ಎಂದ ತಂಗಿಯ ಮಗ.

ಅವನು ಹುಟ್ಟುವುದಕ್ಕೆ ಬಹಳ ಮುಂಚೆ, 1996ರಲ್ಲಿ, ಜಗತ್ತಿನ ಆಟದ ಕಂಪನಿಗಳೆಲ್ಲ ಕೇಳಿಕೊಂಡ ಪ್ರಶ್ನೆ ಇದು. ಸೂಪರ್ ಮಾರಿಯೋ 64, ಕ್ವೇಕ್, ಟೂಂಬ್ ರೈಡರ್ ಮೂರೂ ಬಂದದ್ದು ಅದೇ ವರ್ಷ. ಚಪ್ಪಟೆ ಆಟಗಳ ಕಾಲ ಮುಗಿಯಿತೆಂದು ಅಂಗಡಿಯವರೂ ಪತ್ರಿಕೆಯವರೂ ಕೂಡಿ ತೀರ್ಮಾನಿಸಿಬಿಟ್ಟರು. ಆ ಹೊತ್ತಿಗೆ ನಾವು ಶಿವಮೊಗ್ಗದ ಕಂಪ್ಯೂಟರ್ ಕ್ಲಾಸಿನಲ್ಲಿ, ಮೇಷ್ಟ್ರು ಆಚೆ ಹೋದ ಗಳಿಗೆ ನೋಡಿ, ಫ್ಲಾಪಿಯಿಂದ ಡೇಂಜರಸ್ ಡೇವ್ ಮತ್ತು ಪ್ರಿನ್ಸ್ ಆಫ್ ಪರ್ಷಿಯಾ ತೆರೆಯುತ್ತಿದ್ದೆವು. ಕಾಲ ಮುಗಿದ ಸುದ್ದಿ ಆಗುಂಬೆ ಘಟ್ಟದ ಈಚೆಗೆ ಇನ್ನೂ ಬಂದಿರಲಿಲ್ಲ.

ಪರ್ಷಿಯಾದ ಆ ರಾಜಕುಮಾರ ಓಡುತ್ತಾ ಬಂದು ಅಂಚಿನಲ್ಲಿ ಕಾಲೂರಿ ನಿಲ್ಲುವಾಗ ಮೈಯ ಭಾರ ಕಾಣುತ್ತಿತ್ತು. ಜೋರ್ಡನ್ ಮೆಕ್ನರ್ ತನ್ನ ತಮ್ಮನನ್ನು ಓಡಿಸಿ, ಹಾರಿಸಿ, ವಿಡಿಯೋ ತೆಗೆದು, ಆ ಚಿತ್ರಗಳ ಮೇಲೆ ಒಂದೊಂದಾಗಿ ಗೆರೆ ತಿದ್ದಿ 1989ರಲ್ಲಿ ಮುಗಿಸಿದ ಆಟ ಅದು. ಒಬ್ಬ ಹೊಸ ಶತ್ರು ಬೇಕೆನಿಸಿದಾಗ ಆ್ಯಪಲ್ 2 ಯಂತ್ರದ ಮೆಮರಿಯಲ್ಲಿ ಜಾಗವೇ ಉಳಿದಿರಲಿಲ್ಲ. ರಾಜಕುಮಾರನ ಚಿತ್ರವನ್ನೇ ಒಂದೆಳೆ ಸರಿಸಿ ಅದರ ಮೇಲೇ ಹಾಯಿಸಿದ. ಮಿನುಗುವ ನೆರಳುಮನುಷ್ಯ ಹುಟ್ಟಿಕೊಂಡ. ಆಟದಲ್ಲಿ ಯಾರಿಗೂ ಮರೆಯದ ಪಾತ್ರ ಅದೇ. ಇಂಥದನ್ನು ಓದಿದಾಗೆಲ್ಲ ನನ್ನ ಲ್ಯಾಪ್‌ಟಾಪಿನ ಹದಿನಾರು ಜೀಬಿ ನೋಡಿ ಸ್ವಲ್ಪ ನಾಚಿಕೆಯಾಗುತ್ತದೆ.

ಇರಲಿ. ಹುಡುಗನ ಮಾತಿಗೆ ಬೆಲೆ ಕೊಟ್ಟು ತ್ರೀಡಿಯ ಹಳೆಯ ಸಂಗತಿಗಳನ್ನು ಕೆದಕಿದೆ. 1992ರ ವೂಲ್ಫನ್‌ಸ್ಟೈನ್ 3ಡಿ ಹೆಸರಿನಲ್ಲಿ ಮಾತ್ರ ಮೂರು ಆಯಾಮದ್ದು. ಒಳಗಿರುವುದು ಅರವತ್ನಾಲ್ಕಕ್ಕೆ ಅರವತ್ನಾಲ್ಕು ಚೌಕಗಳ ಒಂದು ಚಪ್ಪಟೆ ನಕ್ಷೆ. ಆಡುವವನ ಕಣ್ಣಿನಿಂದ ಪರದೆಯ ಒಂದೊಂದು ಕಂಬಸಾಲಿಗೂ ಒಂದೊಂದು ಕಿರಣ ಬಿಟ್ಟು, ಗೋಡೆ ಎಷ್ಟು ದೂರದಲ್ಲಿ ಸಿಕ್ಕಿತೆಂದು ಲೆಕ್ಕ ಹಾಕಿ, ಹತ್ತಿರದ್ದನ್ನು ಎತ್ತರವಾಗಿ ದೂರದ್ದನ್ನು ಗಿಡ್ಡವಾಗಿ ಎಳೆದರೆ ಮುಗಿಯಿತು. ಮರುವರ್ಷ ಜಾನ್ ಕಾರ್ಮ್ಯಾಕ್ ಮತ್ತು ಸಂಗಡಿಗರೇ ತಂದ ಡೂಮ್‌ನಲ್ಲಿ ಮೆಟ್ಟಿಲು ಬಂದವು, ತಗ್ಗು ದಿಣ್ಣೆ ಬಂದವು. ಆದರೆ ಒಂದು ಕೋಣೆಯ ಮೇಲೆ ಇನ್ನೊಂದು ಕೋಣೆ ಕಟ್ಟುವಂತಿಲ್ಲ. ಡೂಮ್‌ನ ಮನೆಗೆ ಅಟ್ಟವಿಲ್ಲ. ಸೌದೆ, ಚಾಲಿ ಅಡಿಕೆ, ಹಳೇ ತೊಟ್ಟಿಲು ಎಲ್ಲಿಡುತ್ತಾರೋ. ಅಟ್ಟ ಕಟ್ಟಿಸಿಕೊಳ್ಳಲು ಅವರು ಕ್ವೇಕ್‌ವರೆಗೆ ಕಾಯಬೇಕಾಯಿತು.

ನಮ್ಮ ತೋಟವನ್ನು ನಿಜವಾದ ತ್ರೀಡಿಯಲ್ಲಿ ಕಟ್ಟಿಯೂ ನೋಡಿದೆ. ಮರ ನೆಡುವುದು ಕಷ್ಟವಲ್ಲ. ಒಂದು ಮರ ಮಾಡಿದರೆ ಸಾವಿರ ಮರ ಪುಕ್ಕಟೆ. ಕಷ್ಟವಿರುವುದು ಕ್ಯಾಮೆರಾದಲ್ಲಿ. ಚಪ್ಪಟೆ ಆಟದಲ್ಲಿ ನೋಡುವವನು ಎಲ್ಲಿ ನಿಂತಿದ್ದಾನೆಂದು ಯಾರೂ ಕೇಳುವುದಿಲ್ಲ, ತ್ರೀಡಿಯಲ್ಲಿ ಅವನಿಗೂ ಒಂದು ಜಾಗ ಬೇಕು. ಮಾರಿಯೋ 64ರಲ್ಲಿ ಮೋಡದ ಮೇಲೆ ಕೂತ ಲಕಿಟು ಎಂಬ ಪ್ರಾಣಿ ಗಾಳದ ಕೋಲಿಗೆ ಕ್ಯಾಮೆರಾ ತೂಗುಹಾಕಿಕೊಂಡು ಮಾರಿಯೋನ ಹಿಂದೆ ಹಿಂದೆ ಬರುತ್ತದೆ. ಇದು ಆಟ ಮಾಡಿದವರ ಜಾಣತನ. ನೋಟ ತಿರುಗುತ್ತಿರುವುದೇಕೆಂದು ಆಗಿನವರಿಗೆ ಹೀಗೆ ಕಥೆ ಹೇಳಿಯೇ ತಿಳಿಸಬೇಕಿತ್ತು. ಆದರೆ ಅಡಿಕೆ ತೋಟದಲ್ಲಿ ಲಕಿಟು ಏನು ಮಾಡೀತು? ಹುಡುಗನ ಬೆನ್ನಿಗೆ ಕ್ಯಾಮೆರಾ ಇಟ್ಟರೆ ನಡುವೆ ಮರ. ಮರವನ್ನು ಅರೆಪಾರದರ್ಶಕ ಮಾಡಿದರೆ ತೋಟವೆಲ್ಲ ದೆವ್ವದ ಹಾಗೆ ಮಸುಕು. ಮರ ಅಡ್ಡ ಬಂದಾಗೆಲ್ಲ ಕ್ಯಾಮೆರಾ ಮುಂದೆ ಜಿಗಿಯಲಿ ಎಂದರೆ ಆಡುವವನಿಗೆ ಆಗುಂಬೆ ಬಸ್ಸಿನಲ್ಲಿ ಕೂತ ಸಂಕಟ. ತ್ರೀಡಿಯ ಪರ ವಾದಿಸಿದ ಅಳಿಯನೇ ಹೊಟ್ಟೆ ತೊಳಸುತ್ತದೆಂದು ಎದ್ದುಹೋದ.

ಕರುವಿನದಂತೂ ಬೇರೆಯೇ ಕಥೆ. ಅದನ್ನು ಬ್ಲೆಂಡರ್‌ನಲ್ಲಿ ಮಾಡಿದೆ. 2002ರಲ್ಲಿ ಬಳಸುವವರೇ ಏಳು ವಾರದಲ್ಲಿ ಒಂದು ಲಕ್ಷ ಯೂರೋ ಚಂದಾ ಎತ್ತಿ ಮಾಲೀಕರಿಂದ ಬಿಡಿಸಿಕೊಂಡ ತಂತ್ರಾಂಶ. ಆ ಕಾರಣಕ್ಕೇ ಅದರ ಮೇಲೆ ನನಗೆ ಗೌರವ. ಆದರೆ ಅಲ್ಲಿ ಮೂರು ಆಯಾಮದ ಕರುವಿಗೆ ಬಣ್ಣ ಬಳಿಯಬೇಕಾದರೆ ಅದರ ಮೈಮೇಲೆ ಎಲ್ಲಿ ಸೀಳಬೇಕೆಂದು ಗೆರೆ ಹಾಕಿ, ಚರ್ಮ ಬಿಚ್ಚಿ, ಚಪ್ಪಟೆಯಾಗಿ ಹರವಿ, ಅದರ ಮೇಲೆ ಬಳಿದು, ಮತ್ತೆ ಹೊದಿಸಬೇಕು. ಹೊಟ್ಟೆಯಡಿ ಒಂದು ಗೆರೆ, ಕಾಲುಗಳ ಒಳಬದಿಗೆ ಒಂದೊಂದು. ಅಮ್ಮ ಹಾಲು ಕೊಡಲು ಕೋಣೆಗೆ ಬಂದಾಗ ನಾನು ಪರದೆ ಮುಚ್ಚಿದ್ದೆ.

ಎರಡು ಆಯಾಮದ್ದೂ ಸಸಾರವೇನಲ್ಲ. ಅಲ್ಲಿ ಒಂದು ದಿಕ್ಕನ್ನು ಬಿಟ್ಟುಕೊಡಬೇಕು; ಯಾವುದನ್ನು ಬಿಡುತ್ತೀರಿ ಎಂಬುದರಿಂದಲೇ ಆಟದ ಸ್ವಭಾವ ತೀರ್ಮಾನವಾಗುತ್ತದೆ. ಎತ್ತರ ಬಿಟ್ಟರೆ 1980ರ ಪ್ಯಾಕ್‌ಮ್ಯಾನ್: ಓಣಿ ಓಣಿ ಸುತ್ತಬಹುದು, ನೆಗೆಯುವಂತಿಲ್ಲ. ಆಳ ಬಿಟ್ಟರೆ 1985ರ ಸೂಪರ್ ಮಾರಿಯೋ: ನೆಗೆಯಬಹುದು, ಬೀಳಬಹುದು, ಎದುರಾದದ್ದನ್ನು ಬಳಸಿಕೊಂಡು ಹೋಗುವಂತಿಲ್ಲ. ನನಗೆ ಎರಡೂ ಬೇಕಿತ್ತು. ಕಾಲುವೆ ಹಾರದಿದ್ದರೆ ಅದು ತೋಟವಲ್ಲ. ಮರದ ಆ ಬದಿಗೆ ನಿಂತು, ನಾವು ಎಡಕ್ಕೆ ಬಾಗಿದರೆ ತಾನು ಬಲಕ್ಕೆ ಬಾಗದಿದ್ದರೆ ಅದು ಕರುವಲ್ಲ.

ಕೊನೆಗೆ ಕೈಹಿಡಿದದ್ದು 2008ರ ಲಿಟಲ್‌ಬಿಗ್‌ಪ್ಲಾನೆಟ್. ಅದರಲ್ಲಿ ನೋಟ ಪಕ್ಕದಿಂದಲೇ, ಆದರೆ ಹಿಂದೆ ಮುಂದೆ ಮೂರು ಪದರಗಳಿವೆ. ಗೊಂಬೆ ಒಂದರಿಂದ ಇನ್ನೊಂದಕ್ಕೆ ಸರಿಯಬಹುದು. ಈ ಕಸುಬಿನವರು ಇಂಥದ್ದನ್ನು ಎರಡೂವರೆ ಆಯಾಮ ಎನ್ನುತ್ತಾರೆ. ನಮ್ಮ ಹಿರಿಯರೂ ಸಸಿ ನೆಡುವಾಗ ಸಾಲು ಹಿಡಿದೇ ನೆಟ್ಟಿದ್ದರಿಂದ ನನಗೆ ಹೊಸದಾಗಿ ಏನೂ ಮಾಡಬೇಕಾಗಲಿಲ್ಲ. ಮುಂದಿನ ಸಾಲು, ನಡುವಿನ ಸಾಲು, ಹಿಂದಿನ ಸಾಲು. ಹುಡುಗ ಓಡಿದಂತೆ ಮುಂದಿನ ಮರಗಳು ಬೇಗ, ಹಿಂದಿನವು ನಿಧಾನ ಜಾರುತ್ತವೆ. 1982ರ ಮೂನ್ ಪಟ್ರೋಲ್‌ನಲ್ಲಿ ಚಂದ್ರನ ಬೆಟ್ಟಗಳು ಹೀಗೇ ಜಾರುತ್ತಿದ್ದವು.

ಚರ್ಮ ಬಿಚ್ಚುವ ರಗಳೆಯಿಂದ ಕರುವನ್ನೂ ಪಾರು ಮಾಡಿದೆ. ಡೂಮ್‌ನ ಕೆಲವು ರಾಕ್ಷಸರು ಮೊದಲು ಜೇಡಿಮಣ್ಣಿನ ಗೊಂಬೆಗಳು; ಎಂಟು ದಿಕ್ಕಿನಿಂದ ಚಿತ್ರ ಹಿಡಿದು ಚಪ್ಪಟೆಯಾಗಿ ಆಟದೊಳಗೆ ನಿಲ್ಲಿಸಿದ್ದರು. ಅಳಿಯ ಹಳ್ಳದ ಜೇಡಿ ತಂದು ಕರು ಮಾಡಿದ. ಮಣೆಯ ಮೇಲಿಟ್ಟು, ಕಾಲು ಅಷ್ಟಷ್ಟೇ ಬಾಗಿಸುತ್ತಾ, ಎಡಪಕ್ಕದ ಚಿತ್ರ ಹಿಡಿದೆವು. ಬಲಕ್ಕೆ ಓಡುವ ಕರುವಿಗೆ ಬೇರೆ ಚಿತ್ರ ಬೇಕಿಲ್ಲ. ಅದೇ ಚಿತ್ರವನ್ನು ಕನ್ನಡಿಯಲ್ಲಿಟ್ಟಂತೆ ತಿರುಗಿಸಿದರಾಯಿತು.

ದಸರಾ ರಜೆಯಲ್ಲಿ ಅಮ್ಮನಿಗೆ ತೋರಿಸಿದೆ. ಆಯಾಮದ ವಿಚಾರ ಅವಳು ಎತ್ತಲಿಲ್ಲ.

"ಅಲ್ವೋ, ಬೆಳ್ಳಿಗೆ ಬಿಳಿ ಮಚ್ಚೆ ಇದ್ದದ್ದು ಎಡಪಕ್ಕೇಲಿ. ಆ ಕಡೆ ತಿರುಗಿದ್ರೂ ಮಚ್ಚೆ ಕಾಣ್ತದಲ್ಲ?"

ಸ್ಟ್ರೀಟ್ ಫೈಟರ್ ಆಟದಲ್ಲಿ ಸಗಾಟ್ ಅಂತ ಥಾಯ್ಲೆಂಡಿನ ಒಕ್ಕಣ್ಣ ಜಟ್ಟಿ ಇದ್ದಾನಮ್ಮ, ಅವನು ತಿರುಗಿದರೆ ಪಟ್ಟಿಯೂ ಈ ಕಣ್ಣಿಂದ ಆ ಕಣ್ಣಿಗೆ ಹೋಗುತ್ತದೆ, ಎಲ್ಲರೂ ಹೀಗೇ ಮಾಡುವುದು ಎಂದೆ.

"ಅವನಮ್ಮ ನೋಡಿರ್ಲಿಕ್ಕಿಲ್ಲ" ಎಂದಳು.